ಕೇಳಿ ಬಂದವರ ಕೈಫಿಯತ್ತು

ಮ್ಯಾಂಚೆಸ್ಟರ್ ಎಂಬ ಹೆಸರು ನಮ್ಮ ಜನರಿಗೆ ಬಹುಕಾಲದಿಂದ ಪರಿಚಿತವಾದುದು. ಆದರೆ ಆ ಪರಿಚಯವು ಬಟ್ಟೆಯ ಗಿರಣಿಗಳ ಮೂಲಕ ಬಂದುದು. ಅಷ್ಟೇನೂ ಸಂತೋಷದ ಪರಿಚಯವಲ್ಲ. ನಮ್ಮ ಮಗ್ಗಗಳು ಮೂಲೆ ಸೇರಿದ ಕಥೆಯನ್ನು ಯಾರಾದರೂ ಹೇಳತೊಡಗಿದರೆ ಆ ಊರಿನ ಹೆಸರು ತಾನಾಗಿ ಬಾಯಿಗೆ ಬರುವುದು. ಇಂದು ನಾವು ಅದರ ಪ್ರಸ್ತಾಪವನ್ನೆತ್ತುವುದು ಗಿರಣಿಗಳಿಗಾಗಿ ಅಲ್ಲ, ಅಲ್ಲಿಯ ಒಂದು ಸಭಾಮಂದಿರಕ್ಕಾಗಿ. ಅದರ ಹೆಸರು ಫ್ರೀ ಟ್ರೇಡ್ ಹಾಲ್. 1819ನೆಯ ಇಸವಿಯಲ್ಲಿ ಮತದ ಹಕ್ಕನ್ನು ಕೇಳಲು ಸೇರಿದ್ದ ನಿರಾಯುಧ ಜನರ ಮೇಲೆ ಕುದುರೆಯ ದಂಡನ್ನು ನುಗ್ಗಿಸಿದ ಪೀಟರ್‌ಲೂ ಮೈದಾನದ ನೆಲದಲ್ಲಿಯೇ ಆ ಕಟ್ಟಡವು 1850ರ ದಶಕದಲ್ಲಿ ಎದ್ದಿತು. ಧಾನ್ಯದ ಆಮದಿನ ಮೇಲಣ ಸುಂಕದ ಕಾಯಿದೆಯು ರದ್ದಾದುದರ ಸ್ಮಾರಕವಾಗಿ ಅದನ್ನು ಕಟ್ಟಿದರು. 1905ರಲ್ಲಿ ಕ್ರಿಸ್ಟಬೆಲ್ ಪ್ಯಾಂಖರ್ಸ್ಟ್ ಮತ್ತು ಆನಿ ಕೆನ್ನಿ ಎಂಬಿಬ್ಬರು ಸ್ತ್ರೀಯರು ಅಲ್ಲಿ ನಡೆದಿದ್ದ ರಾಜಕೀಯ ಸಭೆಯ ನಡುವೆ ಎದ್ದು, ಹೆಂಗಸರಿಗೆ ಮತವನ್ನು ಕೊಡುವಿರೋ ಇಲ್ಲವೋ ಎಂದು ಕೇಳಿ, ಹೊರಗೆ ತಳ್ಳಿಸಿಕೊಂಡು ಸೆರೆಮನೆಗೆ ಹೋದರು. ಅಂತು, ಸಭೆಯೊಳಗಿಂದ ಎದ್ದು ಕೂಗುವುದು ಆ ಮಂದಿರಕ್ಕೆ ಹೊಸದಲ್ಲ.

ಅರುವತ್ತೊಂದು ವರ್ಷಗಳ ತರುವಾಯ ಅಲ್ಲಿಯೇ ಮತ್ತೊಂದು ಕೂಗು ಎದ್ದಿತು. 1966ನೆಯ ಇಸವಿ ಮೇ 17ನೆಯ ತಾರೀಖು. ಅಮೆರಿಕದ ಗಾಯಕನಾದ ಬಾಬ್ ಡಿಲನ್ ಅಂದು ಸಂಜೆ ಎರಡು ಭಾಗಗಳಾಗಿ ಹಾಡಿದನು. ಮೊದಲನೆಯ ಭಾಗದಲ್ಲಿ ಒಬ್ಬನೇ ನಿಂತು ಸಾದಾ ಗಿಟಾರು ಹಿಡಿದು ಹಾಡಿದಾಗ ಸಭೆಯು ಉಸಿರು ಬಿಗಿಹಿಡಿದು ಕೇಳಿತು. ಎರಡನೆಯ ಭಾಗದಲ್ಲಿ ಒಂದು ಮೇಳವನ್ನು ಜೊತೆಗೆ ಕರೆದುಕೊಂಡು, ವಿದ್ಯುತ್ ಗಿಟಾರಿನೊಡನೆ, ಆ ಮಂದಿರದ ಗೋಡೆಗಳು ಅಲ್ಲಿಯವರೆಗೆ ಕೇಳಿರದಷ್ಟು ಜೋರಾಗಿ ನುಡಿಸತೊಡಗಲು, ಜನಪದ ಗೀತೆಗಳ ಭಕ್ತರಾದ ಅನೇಕರಿಗೆ ಅದು ಧರ್ಮಭ್ರಷ್ಟತೆಯಾಗಿ ತೋರಿತು. ಹಾಡು ಹಾಡುಗಳ ನಡುವೆ ನಿಧಾನವಾಗಿ ತಾಳ ಹಾಕಿದಂತೆ ಚಪ್ಪಾಳೆ ತಟ್ಟಿ ಅಣಕಿಸಿದರು. ಕಡೆಯ ಹಾಡಿಗೆ ಮುಂಚೆ, ಏಸುವನ್ನು ಶತ್ರುಗಳಿಗೆ ಹಿಡಿದುಕೊಟ್ಟ ಶಿಷ್ಯನ ಹೆಸರನ್ನು ಒಬ್ಬನು ಕೂಗಿದನು: “ಜೂಡಸ್!” ನಿನ್ನನ್ನು ನಂಬೆ, ನೀನು ಸುಳ್ಳುಗಾರ ಎಂಬರ್ಥದ ಎರಡು ಮಾತುಗಳನ್ನು ಡಿಲನ್ ಉತ್ತರವಾಗಿ ಕೊಟ್ಟು, ಮೇಳದವರಿಗೆ ಇನ್ನೂ ಜೋರಾಗಿ ನುಡಿಸಿರೆಂದು ಹೇಳಿ, ಹಾಡನ್ನು ಎತ್ತಿಕೊಂಡನು.

ಇದೆಲ್ಲವೂ ಧ್ವನಿಮುದ್ರಣದಲ್ಲಿ ಇದೆ, ಸಂಶಯಕ್ಕೆ ಎಡೆಯಿಲ್ಲ. ಸಂಶಯವೆಲ್ಲ ಅದರ ಸುತ್ತಲಿನದು. ಆ ಮುದ್ರಣವು ಕಳ್ಳತಟ್ಟೆಗಳ ಮೂಲಕ ಲೋಕವನ್ನು ಸುತ್ತಿದಾಗ ಅದರ ಮೇಲೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಎಂಬ ತಪ್ಪು ಹೆಸರು ಅಂಟಿಕೊಂಡಿತ್ತು. ವರ್ಷಗಟ್ಟಲೆ ಲೋಕವು ಆ ಕೂಗನ್ನು ಲಂಡನ್ನಿನದೆಂದೇ ನಂಬಿತು. ಮ್ಯಾಂಚೆಸ್ಟರಿನಲ್ಲಿ ಕುಳಿತು ಕಿವಿಯಾರೆ ಕೇಳಿದವರು, ಇದು ನಮ್ಮ ಊರಿನಲ್ಲಿ ನಡೆದುದು ಎಂದರೆ ಕೇಳುವವರಿರಲಿಲ್ಲ; ತಟ್ಟೆಯ ಮೇಲೆ ಅಚ್ಚಾಗಿರುವುದನ್ನು ಬಿಟ್ಟು ಮುದುಕರಾಗುತ್ತಿರುವವರ ಮಾತನ್ನು ಯಾರು ನಂಬುವರು? 1998ರಲ್ಲಿ ಆ ಮುದ್ರಣವು ಅಧಿಕೃತವಾಗಿ ಪ್ರಕಟವಾದಾಗ ಊರು ಯಾವುದೆಂಬುದು ನಿಸ್ಸಂಶಯವಾಗಿ ಒಪ್ಪಲ್ಪಟ್ಟಿತು, ಆದರೆ ಹಳೆಯ ತಪ್ಪು ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟೇ ಪ್ರಕಟಿಸಿದರು! ಅಂದು ಹುಡುಗನಾಗಿ ಆ ಸಭೆಯಲ್ಲಿದ್ದ ಸಿ. ಪಿ. ಲೀ ಎಂಬುವರು ಆ ಒಂದು ರಾತ್ರಿಯನ್ನೇ ಕುರಿತು ಒಂದು ಗ್ರಂಥವನ್ನು ಬರೆದಿರುವರು. ಇನ್ನು ಕೂಗಿದವನು ಯಾರು? ಕೂಗಿದವನು ತಾನೇ ಎಂದು ಒಬ್ಬರಿಗಿಂತ ಹೆಚ್ಚು ಮಂದಿ ಮುಂದೆ ಬಂದಿರುವರು. ಕೂಗಾದರೋ ಒಂದೇ.

ನಾವು ಇಂದು ವಾಚಕರ ಮುಂದಿಡಬೇಕೆಂದಿರುವ ವಿಷಯವು ಇದೇ. 1960 ಮತ್ತು 1970ರ ದಶಕಗಳಲ್ಲಿ ಪಶ್ಚಿಮ ದೇಶಗಳಲ್ಲಿ ರಾಕ್ ಎಂಬ ಹೆಸರಿನಿಂದ ಬೆಳೆದ ಸಂಗೀತವನ್ನು ಮೇಳಗಳ ಎದುರಿಗೇ ನಿಂತು ಕೇಳಿದ ತಲೆಮಾರು ಈಗ ವೃದ್ಧಾಪ್ಯವನ್ನು ಮುಟ್ಟಿದೆ. 1965ರಲ್ಲಿ ಹದಿನೈದು ವರ್ಷದವಳಾಗಿದ್ದ ಹುಡುಗಿಯು ಇಂದು ಮೊಮ್ಮಕ್ಕಳನ್ನುಳ್ಳ ಅಜ್ಜಿ. ಇವರ ನೆನಪುಗಳನ್ನು ಏನು ಮಾಡತಕ್ಕುದು? ಧ್ವನಿಮುದ್ರಿಕೆಗಳೂ ಚಲನಚಿತ್ರಗಳೂ ಇರುವಾಗ ಅವು ಬರಿಯ ಹರಟೆಯೋ, ಅಥವಾ ಮುದ್ರಿಕೆಗಳಲ್ಲಿ ಸಿಕ್ಕದ ಯಾವುದೋ ಒಂದು ಸತ್ಯವು ಅವುಗಳಲ್ಲಿದೆಯೋ? ಶಾಸ್ತ್ರೀಯ ಸಂಗೀತವೇ ಸಂಗೀತವೆಂದು ನಂಬಿರುವ ನಮ್ಮ ವಾಚಕರಲ್ಲಿ ಕೆಲವರು, ಆ ಗದ್ದಲದ ನೆನಪಿನಿಂದ ನಮಗೇನು ಎಂದು ಹುಬ್ಬು ಗಂಟಿಕ್ಕಬಹುದು. ಸಂಗೀತದ ತಾರತಮ್ಯವನ್ನು ನಿರ್ಣಯಿಸಲು ನಾವು ಹೊರಟಿಲ್ಲ. ಸಾಕ್ಷ್ಯದ ಪ್ರಶ್ನೆಯು ಮಾತ್ರ ಎಲ್ಲರದು. ಕಚೇರಿಯಲ್ಲಿ ಕಡತವನ್ನು ನೋಡುವ ಅಧಿಕಾರಿಯೂ ನ್ಯಾಯಸ್ಥಾನದಲ್ಲಿ ಪಾಟೀಸವಾಲು ಹಾಕುವ ವಕೀಲನೂ ದಿನವೂ ಎದುರಿಸುವ ಪ್ರಶ್ನೆ ಅದು.

ನೆನಪು ಎಷ್ಟರ ಮಟ್ಟಿಗೆ ಮೋಸ ಮಾಡಬಲ್ಲುದೆಂಬುದಕ್ಕೆ ಅದೇ ಮಂದಿರವು ಇನ್ನೊಂದು ದೃಷ್ಟಾಂತವನ್ನೊದಗಿಸುತ್ತದೆ. ಅದರ ಮೇಲಂತಸ್ತಿನಲ್ಲಿ ಒಂದು ಚಿಕ್ಕ ಸಭಾಗೃಹವಿತ್ತು. 1976ನೆಯ ಇಸವಿ ಜೂನ್ 4ರಂದು ಸೆಕ್ಸ್ ಪಿಸ್ಟಲ್ಸ್ ಎಂಬ ಲಂಡನ್ನಿನ ಮೇಳವು ಅಲ್ಲಿ ನುಡಿಸಿತು. ಟಿಕೀಟು ಐವತ್ತು ಪೆನ್ಸು. ಬಂದಿದ್ದವರು ಸುಮಾರು ನಾಲ್ವತ್ತು ಜನರು. ನಮ್ಮಲ್ಲಿ ಒಂದು ಸಾಧಾರಣ ನಾಮಕರಣಕ್ಕೂ ಅದಕ್ಕಿಂತ ಹೆಚ್ಚು ಜನ ಸೇರುವರು. ಆದರೆ ಆ ನಾಲ್ವತ್ತು ಜನರಲ್ಲಿ ಪೀಟರ್ ಹುಕ್ ಎಂಬ ಯುವಕನು ಮರುದಿನವೇ ಹೋಗಿ ಒಂದು ಬೇಸ್ ಗಿಟಾರನ್ನು ಕೊಂಡನು. ಅವನೂ ಅವನ ಜೊತೆಯಲ್ಲಿದ್ದ ಬರ್ನಾರ್ಡ್ ಸಮ್ನರ್ ಎಂಬುವನೂ ಕೂಡಿ ಕಟ್ಟಿದ ಮೇಳವೇ ಮುಂದೆ ಜಾಯ್ ಡಿವಿಷನ್ ಎಂದು ಪ್ರಸಿದ್ಧವಾಯಿತು. ಹೀಗೆ ಆ ರಾತ್ರಿಯ ಕೀರ್ತಿ ಬೆಳೆದಂತೆಲ್ಲ ಆ ರಾತ್ರಿಯ ಸಭಿಕರ ಸಂಖ್ಯೆಯೂ ಬೆಳೆಯಿತು. ನಾನೂ ಅಲ್ಲಿದ್ದೆ ಎನ್ನುವವರು ನೂರಾರಾದರು, ಸಾವಿರಾರಾದರು. ನಾನು ಇದ್ದುದು ಪ್ರಮಾಣಪೂರ್ವಕವಾಗಿಯೂ ನಿಜ ಎಂಬರ್ಥದ ಹೆಸರನ್ನಿಟ್ಟು ಡೇವಿಡ್ ನೋಲನ್ ಎಂಬುವರು ಈ ವಿಚಾರವನ್ನೇ ಶೋಧಿಸಿ ಪುಸ್ತಕ ಬರೆಯಬೇಕಾಯಿತು.

ಇವರೆಲ್ಲರೂ ಸುಳ್ಳುಗಾರರೇ? ಹಾಗೆನ್ನುವುದು ಅವಸರದ ತೀರ್ಪು. ಅದೇ ಮೇಳವು ಅದೇ ಚಿಕ್ಕ ಸಭಾಗೃಹದಲ್ಲಿ ಜುಲೈ 20ರಂದು ಮತ್ತೆ ನುಡಿಸಿತು. ಆಗ ಜನ ಬಹಳ ಸೇರಿದ್ದರು. ಆರು ವಾರಗಳ ಅಂತರದ ಎರಡು ರಾತ್ರಿಗಳು ಮೂವತ್ತು ವರ್ಷಗಳ ತರುವಾಯ ಒಂದರ ಮೇಲೊಂದು ಕುಳಿತುಕೊಂಡರೆ ಅದರಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಊರಿನ ಪ್ರಸಿದ್ಧ ದೂರದರ್ಶನ ನಿರೂಪಕನಾದ ಟೋನಿ ವಿಲ್ಸನ್ ಯಾವ ರಾತ್ರಿಯಲ್ಲಿದ್ದನೆಂಬುದೂ ಇದೇ ಕಾರಣದಿಂದ ವಿವಾದಾಸ್ಪದವಾಗಿದೆ. ಮನುಷ್ಯನು ತಾನು ಕಂಡುದನ್ನು ಮಾತ್ರವಲ್ಲ, ಕಾಣಬೇಕಾಗಿತ್ತೆಂದು ಹಂಬಲಿಸಿದುದನ್ನೂ ನೆನಪಿಟ್ಟುಕೊಳ್ಳುವನು. ಗಾಂಧೀಜಿಯವರು ತಮ್ಮೂರಿನ ಸ್ಟೇಷನ್ನಿನಲ್ಲಿ ಇಳಿದಾಗ ತಾವು ಹತ್ತಿರವೇ ನಿಂತಿದ್ದೆವೆಂದು ಹೇಳಿದ ಹಿರಿಯರು ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮಂದಿ ಇದ್ದರೆಂಬುದನ್ನು ವಾಚಕರು ಜ್ಞಾಪಿಸಿಕೊಳ್ಳಲಿ. ಅವರೆಲ್ಲರನ್ನೂ ಒಟ್ಟಿಗೆ ನಿಲ್ಲಿಸಲು ಯಾವ ಪ್ಲಾಟ್‌ಫಾರಂ ಸಾಕಾದೀತು?

ಆದರೆ ನೆನಪೇ ಮೋಸಗಾರನೆಂದೂ ಯಂತ್ರವೇ ಹರಿಶ್ಚಂದ್ರನೆಂದೂ ತೀರ್ಮಾನಿಸುವವರು ಶಿಯಾ ಸ್ಟೇಡಿಯಂನ ವೃತ್ತಾಂತವನ್ನು ಗಮನಿಸಬೇಕು. 1965ನೆಯ ಇಸವಿ ಆಗಸ್ಟ್ 15ರಂದು ನ್ಯೂಯಾರ್ಕಿನ ಆ ಬೇಸ್‌ಬಾಲ್ ಮೈದಾನದಲ್ಲಿ ಬೀಟಲ್ಸ್ ಮೇಳದವರು ಹಾಡಿದರು. ಸೇರಿದ್ದವರು 55,600 ಮಂದಿ. ಒಂದು ಸಂಗೀತ ಕಾರ್ಯಕ್ರಮಕ್ಕೆ ಅಷ್ಟು ಜನ ಟಿಕೀಟು ಕೊಂಡು ಸೇರಿದುದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ವೇದಿಕೆಯು ಮೈದಾನದ ನಡುವೆ. ಜನರು ದೂರದ ಮೆಟ್ಟಿಲುಗಳ ಮೇಲೆ. ವೇದಿಕೆಯ ಮೇಲಣ ವರ್ಧಕಗಳು ನೂರು ವಾಟಿನವು. ಹಾಡುವವರ ಕಂಠವಾದರೋ, ಆಟಗಾರರ ಹೆಸರನ್ನು ಸಾರುವುದಕ್ಕೆಂದು ಮೈದಾನದಲ್ಲಿ ಹಾಕಿದ್ದ ಧ್ವನಿವರ್ಧಕಗಳ ಮೂಲಕ ಹೊರಬೀಳಬೇಕಾಗಿತ್ತು. ಐವತ್ತೈದು ಸಾವಿರ ಕಂಠಗಳು, ಅವುಗಳಲ್ಲಿ ಹೆಚ್ಚಿನವು ಎಳೆಯ ಹುಡುಗಿಯರವು, ಒಂದೇ ಸಮನೆ ಕಿರಿಚುತ್ತಿದ್ದಾಗ ಆ ಉಪಕರಣಗಳ ಗತಿ ಏನಾಯಿತೆಂಬುದನ್ನು ಊಹಿಸಬಹುದು. ಡೋಲು ನುಡಿಸುತ್ತಿದ್ದ ರಿಂಗೋ ಸ್ಟಾರ್‌ಗೆ ತನ್ನ ಜೊತೆಗಾರರ ಹಾಡೇ ಕೇಳಿಸದೆ, ಅವರ ಬೆನ್ನಿನ ಅಲುಗಾಟವನ್ನು ನೋಡಿ ಲಯವನ್ನು ಊಹಿಸಿಕೊಳ್ಳಬೇಕಾಗುತ್ತಿತ್ತು. ಹನ್ನೆರಡು ಹಾಡುಗಳು, ಸುಮಾರು ಅರ್ಧ ಗಂಟೆ, ಮುಗಿಯಿತು.

ಅಲ್ಲಿಗೆ ಹೋದವರು ಇಂದಿಗೂ ಹೇಳುವ ಮಾತು ಒಂದೇ: ನಮಗೆ ಹಾಡು ಕೇಳಿಸಲಿಲ್ಲ. ಆದರೆ ಆ ದಿನದ ಚಲನಚಿತ್ರವನ್ನು ನೋಡಿದರೆ ಹಾಡು ಸ್ವಚ್ಛವಾಗಿ ಕೇಳಿಸುತ್ತದೆ. ಹಾಗಾದರೆ ಸುಳ್ಳು ಯಾರದು? ಸಂಗತಿಯೇನೆಂದರೆ, ಮೈದಾನದಲ್ಲಿ ಹಿಡಿದ ಧ್ವನಿಯು ತೃಪ್ತಿಕರವಾಗಿಲ್ಲದುದರಿಂದ 1966ರ ಜನವರಿಯಲ್ಲಿ ಆ ನಾಲ್ವರನ್ನು ಲಂಡನ್ನಿನ ಒಂದು ಸ್ಟುಡಿಯೋಕ್ಕೆ ಕರೆಯಿಸಿ, ಎಷ್ಟೋ ಭಾಗಗಳನ್ನು ಮತ್ತೆ ಹಾಡಿಸಿ ನುಡಿಸಿ ಚಿತ್ರಕ್ಕೆ ಸೇರಿಸಿದರು. ಯಂತ್ರವು ತೋರಿಸುವುದು ಆ ದಿನವನ್ನಲ್ಲ, ಆ ದಿನವು ಹೇಗಿರಬೇಕಾಗಿತ್ತೋ ಅದನ್ನು. ಕೇಳಿಸಲೇ ಇಲ್ಲವೆಂದ ಹುಡುಗಿಯ ಮಾತೇ ನಿಜ. ಇಲ್ಲಿ ನೆನಪು ಗೆದ್ದಿತು, ಫಿಲ್ಮು ಸೋತಿತು. ವಕೀಲರು ಇದನ್ನು ಗುರುತು ಹಾಕಿಕೊಳ್ಳಬಹುದು.

ಕೇಳಿಸದ ಸಂಗೀತಕ್ಕಾಗಿ ಹೋಗಿ, ಅದನ್ನು ಅರುವತ್ತು ವರ್ಷ ಮರೆಯದೆ ಇರುವುದೆಂದರೇನು? ಚಿತ್ರನಟಿ ವೂಪಿ ಗೋಲ್ಡ್‌ಬರ್ಗ್ ಬಾಲ್ಯದಲ್ಲಿ ಆ ದಿನ ಅಲ್ಲಿದ್ದವರಲ್ಲೊಬ್ಬಳು. ಕಷ್ಟದಲ್ಲಿ ಸಂಸಾರ ತೂಗಿಸುತ್ತಿದ್ದ ತಾಯಿಯು ಎಲ್ಲಿಗೆಂದು ಹೇಳದೆ ತನ್ನನ್ನು ಕರೆದೊಯ್ದು, ಮೈದಾನದ ಬಳಿಗೆ ಬಂದ ಮೇಲೆ ಟಿಕೀಟನ್ನು ತೋರಿಸಿದ ಪ್ರಸಂಗವನ್ನು ಆಕೆಯು 2016ರಲ್ಲಿ ಹೊರಬಂದ ಬೀಟಲ್ಸ್ ಸಾಕ್ಷ್ಯಚಿತ್ರದಲ್ಲಿ ಹೇಳಿರುವಳು. ಆಕೆಯ ನೆನಪಿನ ತಿರುಳು ಹಾಡಲ್ಲ, ತಾಯಿ. ಕಪ್ಪುವರ್ಣದ ಮನೆತನದ ಒಬ್ಬ ಬಾಲಿಕೆಗೆ, ಇಲ್ಲಿ ನನ್ನನ್ನು ಹೊರಗಿನವಳೆಂದು ಯಾರೂ ನೋಡರು ಎಂಬ ಭಾವನೆಯನ್ನು ಆ ಮೇಳದವರು ಕೊಟ್ಟರಂತೆ.

ಈ ಮಾತು ಭಾವುಕತೆಯೆಂದು ತಳ್ಳಿಬಿಡತಕ್ಕುದಲ್ಲ. ಅದರ ಹಿಂದಿನ ವರ್ಷ, 1964ರ ಸೆಪ್ಟೆಂಬರ್ 11ರಂದು, ಫ್ಲಾರಿಡಾ ಪ್ರಾಂತದ ಜ್ಯಾಕ್ಸನ್‌ವಿಲ್ ಎಂಬಲ್ಲಿ ಬೀಟಲ್ಸ್ ಹಾಡಬೇಕಾಗಿತ್ತು. ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ಕುಳ್ಳಿರಿಸುವ ಪದ್ಧತಿ ಅಲ್ಲಿಯದು. ಹಾಗೆ ಬೇರ್ಪಡಿಸಿದ ಸಭೆಯ ಮುಂದೆ ತಾವು ಹಾಡುವುದಿಲ್ಲವೆಂದು ಅವರು ಮೊದಲೇ ಬಹಿರಂಗವಾಗಿ ಸಾರಿದರು. ಸಭೆಯು ಬೇರ್ಪಡದೆ ಕುಳಿತಿತು, ಅವರು ಹಾಡಿದರು. 1965ರ ಕರಾರುಪತ್ರದಲ್ಲಿ ಈ ಷರತ್ತು ಲಿಖಿತವಾಗಿಯೇ ಸೇರಿತು. ಕೆರೆಯ ನೀರಿಗೂ ಗುಡಿಯ ಬಾಗಿಲಿಗೂ ಸತ್ಯಾಗ್ರಹ ಹೂಡಬೇಕಾಗಿ ಬಂದ ನಾಡಿನವರಾದ ನಾವು, ಪಕ್ಕದಲ್ಲಿ ಯಾರು ಕುಳಿತಿದ್ದರು ಎಂಬ ನೆನಪಿನ ಬೆಲೆಯನ್ನು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ. ಧ್ವನಿಮುದ್ರಿಕೆಯು ವೇದಿಕೆಯ ಮೇಲಿನವರನ್ನು ಹಿಡಿಯುತ್ತದೆ, ಪಕ್ಕದ ಕುರ್ಚಿಯವನನ್ನು ಹಿಡಿಯುವುದಿಲ್ಲ.

ಇನ್ನು ವುಡ್‌ಸ್ಟಾಕ್. ಇದರ ಕಥೆಯು ಎಲ್ಲರೂ ಬಲ್ಲುದಾದುದರಿಂದ ವಿಸ್ತರಿಸುವುದಿಲ್ಲ. 1969ರ ಆಗಸ್ಟ್ 15ರಿಂದ 18ರ ವರೆಗೆ, ನ್ಯೂಯಾರ್ಕ್ ಪ್ರಾಂತದ ಬೆಥೆಲ್ ಎಂಬ ಗ್ರಾಮದಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರನ ಹೊಲದಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಜನರು ಸೇರಿದರು. ಬೇಲಿಯನ್ನು ಹಾಕಿ ಮುಗಿಸುವ ಮೊದಲೇ ಜನಸಾಗರವು ನುಗ್ಗಿದುದರಿಂದ ಟಿಕೀಟಿನ ಮಾತೇ ಅಳಿದು ಅದು ಧರ್ಮಸಂತರ್ಪಣೆಯಾಯಿತು. ಮಳೆ ಬಂದಿತು, ಕೆಸರಾಯಿತು, ಅನ್ನಕ್ಕೆ ಅಭಾವವಾಯಿತು, ಹೊಡೆದಾಟವಾಗಲಿಲ್ಲ. ನಾವು ಇಲ್ಲಿ ಎತ್ತಿಹೇಳಬೇಕಾದುದು ಒಂದೇ ಅಂಶ. ಆ ಉತ್ಸವವೆಂದರೆ ಜನರ ಕಣ್ಣಿಗೆ ಮೊದಲು ಬರುವ ಮೂರ್ತಿಯು ಜಿಮಿ ಹೆಂಡ್ರಿಕ್ಸ್‌ನದು; ತನ್ನ ದೇಶದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ಬಾಂಬು ಸಿಡಿದಂತೆ, ಗಾಯಾಳುಗಳು ನರಳಿದಂತೆ ನುಡಿಸಿದ ಆ ದೃಶ್ಯ. ವಿಯೆಟ್ನಾಮಿನ ಯುದ್ಧವು ನಡೆಯುತ್ತಿದ್ದ ಕಾಲ ಅದು. ಆದರೆ ಹೆಂಡ್ರಿಕ್ಸ್ ವೇದಿಕೆಯನ್ನೇರಿದುದು ಸೋಮವಾರ ಬೆಳಿಗ್ಗೆ ಸುಮಾರು ಒಂಬತ್ತು ಗಂಟೆಗೆ. ಅಷ್ಟು ಹೊತ್ತಿಗೆ ಜನರಲ್ಲಿ ಬಹುಭಾಗವು ಕೆಲಸಕ್ಕೂ ಮನೆಗೂ ಹೊರಟುಹೋಗಿ, ಉಳಿದವರು ಕೆಲವು ಹತ್ತು ಸಾವಿರ ಮಾತ್ರ. ಮರುವರ್ಷ ಚಲನಚಿತ್ರವು ಬಂದು ಅವನ ಆ ನುಡಿಕೆಯನ್ನು ಊರೂರಿಗೂ ತೋರಿಸಿತು. ಹೊಲದಲ್ಲಿ ಇದ್ದುದು ನಿಜ, ಅವನನ್ನು ಕಂಡುದು ಚಿತ್ರಮಂದಿರದಲ್ಲಿ. ಎರಡೂ ಕೂಡಿ ಒಂದೇ ನೆನಪಾದವರು ಎಷ್ಟು ಮಂದಿಯೋ!

ಆ ಉತ್ಸವಕ್ಕೆ ನಮ್ಮ ದೇಶದ ಸಾಕ್ಷಿದಾರರೊಬ್ಬರುಂಟು, ಅವರ ನೆನಪು ಉಳಿದವರ ನೆನಪಿಗೆ ತೀರ ಭಿನ್ನವಾದುದು. ಪಂಡಿತ ರವಿಶಂಕರರು ಮೊದಲನೆಯ ರಾತ್ರಿ, ಮಳೆಯ ನಡುವೆ, ಅಲ್ಲಾರಖಾ ಅವರ ತಬಲದೊಡನೆ ಸಿತಾರ್ ನುಡಿಸಿದರು. ಕೇಳಿದ ತರುಣರಲ್ಲಿ ಎಷ್ಟೋ ಜನರು ಅದನ್ನು ದಿವ್ಯಾನುಭವವೆಂದು ನೆನೆಯುವರು. ರವಿಶಂಕರರಿಗಾದರೋ ಆ ಕೆಸರಿನಲ್ಲಿ ಹೊರಳುತ್ತಿದ್ದ ಜನರನ್ನು ನೋಡಿ ನಮ್ಮ ಊರಿನ ಎಮ್ಮೆಗಳ ನೆನಪಾಯಿತಂತೆ. ಹಾಗೆಂದು ಅವರೇ ಬರೆದಿರುವರು. ಎರಡು ವರ್ಷ ಹಿಂದೆ, 1967ರ ಜೂನ್ ತಿಂಗಳಿನಲ್ಲಿ ಮಾಂಟರೇ ಎಂಬಲ್ಲಿ ಅವರು ಒಂದು ಮಧ್ಯಾಹ್ನ ಗಂಟೆಗಟ್ಟಲೆ ನುಡಿಸಿ ಸಭೆಯನ್ನು ಗೆದ್ದಿದ್ದರು. ಅದೇ ಉತ್ಸವದಲ್ಲಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿಯಿಟ್ಟುದು ಅವರಿಗೆ ತಡೆಯಲಾರದ ವ್ಯಥೆಯನ್ನುಂಟುಮಾಡಿತು. ಆಯುಧಪೂಜೆಯ ದಿನ ವೀಣೆಗೂ ಮೃದಂಗಕ್ಕೂ ಗಂಧಾಕ್ಷತೆಯೇರಿಸುವ ಮನೆಗಳಲ್ಲಿ ಬೆಳೆದವರಿಗೆ ಆ ವ್ಯಥೆಯು ಬೇಗ ಅರ್ಥವಾಗುವುದು. ಒಂದೇ ಜ್ವಾಲೆಯನ್ನು ಕಂಡು ಸಾವಿರಾರು ತರುಣರು ಅದನ್ನು ಜೀವಮಾನದ ಪುಣ್ಯವೆಂದರು, ಒಬ್ಬ ವಿದ್ವಾಂಸರು ಅಪಚಾರವೆಂದರು. ಯಾರ ಕೈಫಿಯತ್ತನ್ನೂ ಹರಿದುಹಾಕಲು ನಮಗೆ ಅಧಿಕಾರವಿಲ್ಲ.

ಅವರದೇ ಇನ್ನೊಂದು ಪ್ರಸಂಗವು ಸ್ವಲ್ಪ ಹಗುರವಾದುದು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಬಂಗಾಳದ ನಿರಾಶ್ರಿತರ ಸಹಾಯಾರ್ಥವಾಗಿ ರವಿಶಂಕರರ ಪ್ರೇರಣೆಯಿಂದ ಜಾರ್ಜ್ ಹ್ಯಾರಿಸನ್ ಏರ್ಪಡಿಸಿದ ಎರಡು ಸಭೆಗಳಿಗೆ ಒಟ್ಟು ನಾಲ್ವತ್ತು ಸಾವಿರ ಜನರು ಬಂದರು. ಮೊದಲಿಗೆ ರವಿಶಂಕರರೂ ಅಲಿ ಅಕ್ಬರ್ ಖಾನರೂ ಅಲ್ಲಾರಖಾ ಅವರೂ ಕುಳಿತು ವಾದ್ಯಗಳ ಶ್ರುತಿಯನ್ನು ಕೂಡಿಸಿಕೊಂಡರು. ಶ್ರುತಿಗೂಡಿಸುವುದು ಮುಗಿದೊಡನೆ ಸಭೆಯು ಭಾರಿ ಚಪ್ಪಾಳೆ ತಟ್ಟಿತು. ಶ್ರುತಿಯೇ ನಿಮಗೆ ಇಷ್ಟು ಮೆಚ್ಚಿಗೆಯಾದ ಮೇಲೆ ವಾದನವು ಇನ್ನೂ ಮೆಚ್ಚಿಗೆಯಾದೀತೆಂದು ಆಶಿಸುವೆವು ಎಂದು ಪಂಡಿತರು ನಗುತ್ತ ನುಡಿದರು. ಇದು ಮುದ್ರಿಕೆಯಲ್ಲಿಯೇ ಇದೆ. ನಮ್ಮವರು ಇದನ್ನು ಕೇಳಿದಾಗಲೆಲ್ಲ ನಗುವರು. ಆದರೆ ಆ ನಾಲ್ವತ್ತು ಸಾವಿರದಲ್ಲಿ ಅನೇಕರಿಗೆ ಸರೋದಿನ ನಾದವು ಕಿವಿಗೆ ಬಿದ್ದ ಮೊದಲನೆಯ ದಿನ ಅದು. ಅಜ್ಞಾನದ ಚಪ್ಪಾಳೆಯಾದರೂ ಉದಾಸೀನದ ಮೌನಕ್ಕಿಂತ ಮೇಲಲ್ಲವೆ?

ಎಲ್ಲ ನೆನಪುಗಳೂ ಸಿಹಿಯಲ್ಲ. 1979ನೆಯ ಇಸವಿ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ದಿ ಹೂ ಎಂಬ ಇಂಗ್ಲಿಷ್ ಮೇಳದ ಕಾರ್ಯಕ್ರಮವಿತ್ತು. ಬಹುಪಾಲು ಟಿಕೀಟುಗಳಿಗೆ ಗೊತ್ತಾದ ಆಸನವಿಲ್ಲ. ಮೊದಲು ನುಗ್ಗಿದವನಿಗೆ ಮುಂದಿನ ಸ್ಥಳ. ಚಳಿಯಲ್ಲಿ ಸಾವಿರಾರು ಜನರು ಹೊರಗೆ ಕಾದಿದ್ದರು. ತೆರೆದ ಬಾಗಿಲುಗಳು ಅತಿ ಕೆಲವು. ಒಳಗೆ ವಾದ್ಯದ ಸದ್ದು ಕೇಳಿದಂತಾಗಲು ಕಾರ್ಯಕ್ರಮವು ಪ್ರಾರಂಭವಾಯಿತೆಂದು ಹಿಂದಿನವರು ಒತ್ತಿದರು. ಆ ಒತ್ತಡದಲ್ಲಿ ಹನ್ನೊಂದು ಮಂದಿ ತರುಣ ತರುಣಿಯರು ಉಸಿರುಗಟ್ಟಿ ಸತ್ತರು. ಒಳಗೆ ಸೇರಿದವರಿಗೆ ಇದು ತಿಳಿಯದು. ಮೇಳದವರಿಗೂ ತಿಳಿಸಲಿಲ್ಲ, ಕಾರ್ಯಕ್ರಮವು ಪೂರ್ತಿಯಾಗಿ ನಡೆದು ಮುಗಿದ ಮೇಲೆಯೇ ಹೇಳಿದರು. ಅಂದು ಒಳಗಿದ್ದವರ ನೆನಪನ್ನು ವಾಚಕರು ಊಹಿಸಿಕೊಳ್ಳಲಿ. ಕುಣಿದು ಹಾಡಿ ಸಂತೋಷದಿಂದ ಹೊರಗೆ ಬರುವಾಗ ಬಾಗಿಲಿನ ಬಳಿ ರಾಶಿಬಿದ್ದ ಪಾದರಕ್ಷೆಗಳನ್ನೂ ಆಂಬುಲೆನ್ಸು ಗಾಡಿಗಳನ್ನೂ ಕಂಡ ನೆನಪು ಅದು. ಆ ರಾತ್ರಿಯ ಸಂಗೀತವು ಚೆನ್ನಾಗಿತ್ತೆಂದು ಹೇಳಲು ಅವರಿಗೆ ನಾಲಗೆ ಏಳದು, ಚೆನ್ನಾಗಿರಲಿಲ್ಲವೆಂದರೆ ಸುಳ್ಳಾಗುವುದು. ಅದೇ ತಿಂಗಳು ಆ ನಗರಸಭೆಯು ಆಸನ ಗೊತ್ತುಪಡಿಸದ ಟಿಕೀಟುಗಳನ್ನು ನಿಷೇಧಿಸಿತು. 2004ರಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡಿತು. ಮೇಳವು ಆ ನಗರಕ್ಕೆ ಮತ್ತೆ ಹಾಡಲು ಹೋದುದು 2022ರಲ್ಲಿ, ನಾಲ್ವತ್ತೆರಡು ವರ್ಷಗಳ ತರುವಾಯ.

ಜಾತ್ರೆಗಳಲ್ಲಿಯೂ ವಿಜಯೋತ್ಸವಗಳಲ್ಲಿಯೂ ಕಾಲ್ತುಳಿತದ ಸುದ್ದಿಯನ್ನು ಓದಿ ನಿಟ್ಟುಸಿರು ಬಿಟ್ಟು ಪುಟ ಮಗುಚುವ ನಮ್ಮ ನಗರಗಳ ಅಧಿಕಾರಿಗಳು ಈ ಸಾಕ್ಷಿದಾರರ ಮಾತನ್ನು ಅವಶ್ಯವಾಗಿ ಕೇಳತಕ್ಕುದು. ಬಾಗಿಲುಗಳ ಸಂಖ್ಯೆಯು ಕಡತದಲ್ಲಿ ಸಿಕ್ಕುವುದು. ಗುಂಪು ಯಾವ ಕ್ಷಣದಲ್ಲಿ ಮನುಷ್ಯರ ಗುಂಪಾಗಿರುವುದನ್ನು ಬಿಟ್ಟು ನೀರಿನಂತೆ ಅಲೆಯಾಗಿ ತೊನೆಯಿತು, ಕಾಲು ಯಾವಾಗ ನೆಲವನ್ನು ಬಿಟ್ಟಿತು, ಕೂಗಿದರೆ ಏಕೆ ಯಾರಿಗೂ ಕೇಳಿಸಲಿಲ್ಲ, ಇವನ್ನು ಒಳಗೆ ಸಿಕ್ಕಿಕೊಂಡು ಬದುಕಿ ಬಂದವನಲ್ಲದೆ ಬೇರೆ ಯಾರೂ ಹೇಳಲಾರರು.

ಅಭಿಮಾನಿಗಳು ತಮ್ಮ ನೆನಪಿಗೆ ತಾವೇ ಕಾವಲು ಹಾಕಿಕೊಂಡ ನಿದರ್ಶನವೂ ಒಂದುಂಟು. ಕ್ಯಾಲಿಫೋರ್ನಿಯದ ಗ್ರೇಟ್‌ಫುಲ್ ಡೆಡ್ ಮೇಳವು 1965ರಿಂದ 1995ರ ವರೆಗೆ ಸುಮಾರು 2,300 ಸಭೆಗಳಲ್ಲಿ ನುಡಿಸಿತು. ಕೇಳುಗರು ತಾವೇ ಯಂತ್ರವನ್ನು ತಂದು ಮುದ್ರಿಸಿಕೊಳ್ಳುವುದನ್ನು ಆ ಮೇಳವು ತಡೆಯಲಿಲ್ಲ; 1984ರಿಂದ ಅವರಿಗಾಗಿ ಸಭೆಯಲ್ಲಿ ಪ್ರತ್ಯೇಕ ಸ್ಥಳವನ್ನೇ ಬಿಟ್ಟುಕೊಟ್ಟಿತು. ಟೇಪುಗಳನ್ನು ಮಾರಕೂಡದು, ವಿನಿಮಯ ಮಾಡಿಕೊಳ್ಳಬಹುದು ಎಂಬುದು ಅವರೊಳಗಿನ ಕಟ್ಟಳೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1977ರ ಮೇ 8ರಂದು ನುಡಿಸಿದುದರ ಮುದ್ರಣವನ್ನು ಅಮೆರಿಕದ ರಾಷ್ಟ್ರೀಯ ಗ್ರಂಥಭಂಡಾರವು ತನ್ನ ಸಂರಕ್ಷಣೀಯ ಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿದೆ. ಹೋದವರನ್ನು ಕೇಳಿದರೆ ಮೊದಲು ಹೇಳುವುದು, ಹೊರಗೆ ಬಂದಾಗ ಮೇ ತಿಂಗಳಿನಲ್ಲಿ ಹಿಮ ಬೀಳುತ್ತಿತ್ತೆಂದು. ಹಿಮವು ನಿಜವಾಗಿಯೂ ಬಿದ್ದಿತ್ತು. ಟೇಪಿನಲ್ಲಿ ಹಿಮದ ಸದ್ದಿಲ್ಲ.

ನಮ್ಮ ಬೆಂಗಳೂರಿನಲ್ಲಿಯೂ ಇಂತಹ ನೆನಪುಗಳು ಈಗ ಹಳತಾಗುತ್ತಿವೆ. 1962ರಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ಮೇಳವು 2003ರ ಏಪ್ರಿಲ್‌ನಲ್ಲಿ ಅರಮನೆಯ ಮೈದಾನಕ್ಕೆ ಬಂದಿತು; 2007ರ ಮಾರ್ಚ್ 17ರಂದು ಐರನ್ ಮೇಡನ್; 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಇಲ್ಲಿಯ ಕೇಳುಗನ ಸ್ಥಿತಿಯು ವಿಪರೀತ. ಅವನು ಕ್ಯಾಸೆಟ್ಟನ್ನು ತೇಯುವಷ್ಟು ಕೇಳಿ, ಒಂದೊಂದು ಸ್ವರವನ್ನೂ ಕಂಠಪಾಠ ಮಾಡಿಕೊಂಡು, ಇಪ್ಪತ್ತು ಮೂವತ್ತು ವರ್ಷಗಳ ತರುವಾಯ ನುಡಿಸುವವರ ಮುಖವನ್ನು ಕಂಡವನು. ಲಿವರ್‌ಪೂಲಿನ ಹುಡುಗಿಗೆ ನೆನಪು ಮೊದಲು, ತಟ್ಟೆ ಆಮೇಲೆ. ಮಲ್ಲೇಶ್ವರದ ಹುಡುಗನಿಗೆ ತಟ್ಟೆ ಮೊದಲು, ದರ್ಶನ ಆಮೇಲೆ. ಇವನ ನೆನಪಿನಲ್ಲಿ ಕೇಳಿದುದಕ್ಕಿಂತ ಕಂಡುದೇ ಹೆಚ್ಚಾಗಿರುವುದು ಸಹಜ. ಇಂತಹವರ ಮಾತನ್ನು ಯಾರಾದರೂ ಬರೆದಿಟ್ಟುಕೊಂಡರೆ ನಗರದ ಚರಿತ್ರೆಗೆ ಅದೊಂದು ಒಳ್ಳೆಯ ಪ್ರಕರಣವಾದೀತು. ನಾವು ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಹತ್ತೊಂಬತ್ತನೆಯ ಶತಮಾನದ ಪ್ರಾರಂಭದಲ್ಲಿ ಕರ್ನಲ್ ಮೆಕೆಂಜಿಯ ಸಹಾಯಕರು ನಮ್ಮ ಊರೂರನ್ನೂ ಸುತ್ತಿ, ಶಾನುಭೋಗರನ್ನೂ ಹಿರಿಯರನ್ನೂ ಕೇಳಿ ಕೈಫಿಯತ್ತುಗಳನ್ನು ಬರೆದುಕೊಂಡರು. ಅವುಗಳಲ್ಲಿ ಪವಾಡಗಳಿವೆ, ತಪ್ಪು ವರ್ಷಗಳಿವೆ, ಊರಿನ ಜಂಭವಿದೆ. ಶಾಸನಗಳೊಡನೆ ಹೋಲಿಸಿ ನೋಡಿ ಚರಿತ್ರಕಾರರು ಇಂದಿಗೂ ಅವುಗಳಿಂದ ಪ್ರಯೋಜನ ಪಡೆಯುತ್ತಿರುವರು. ಶಾಸನವಿದ್ದ ಮಾತ್ರಕ್ಕೆ ಕೈಫಿಯತ್ತು ಬೇಡವೆಂದು ಯಾವ ವಿದ್ವಾಂಸನೂ ಹೇಳಲಿಲ್ಲ. ಬೆಥೆಲ್ ಗ್ರಾಮದಲ್ಲಿ 2008ರಲ್ಲಿ ತೆರೆದ ವಸ್ತುಸಂಗ್ರಹಾಲಯವು ವುಡ್‌ಸ್ಟಾಕಿಗೆ ಹೋದವರನ್ನು ಹುಡುಕಿ ಅವರ ಮಾತುಗಳನ್ನು ಮುದ್ರಿಸಿಕೊಳ್ಳುತ್ತಿರುವುದು ಇದೇ ಮಾದರಿಯ ಕಾರ್ಯ. ಹೆಂಡ್ರಿಕ್ಸನನ್ನು ಕಂಡೆನೆಂದು ಹೇಳುವವನನ್ನು, ಸೋಮವಾರ ಬೆಳಿಗ್ಗೆ ನೀನು ಎಲ್ಲಿದ್ದೆ ಎಂದು ಸಾವಧಾನವಾಗಿ ಕೇಳಲಿ. ಆದರೆ ಕೇಳಲಿ, ಬೇಗ ಕೇಳಲಿ. ಫ್ರೀ ಟ್ರೇಡ್ ಹಾಲ್ ಈಗ ಒಂದು ಹೋಟೆಲು. ಮುಂಭಾಗದ ಕಲ್ಲಿನ ಗೋಡೆಯನ್ನುಳಿಸಿಕೊಂಡು ಒಳಗೆ ಕೊಠಡಿಗಳನ್ನು ಕಟ್ಟಿರುವರು. ಶಿಯಾ ಸ್ಟೇಡಿಯಂ 2009ರಲ್ಲಿ ನೆಲಸಮವಾಗಿ ವಾಹನಗಳನ್ನು ನಿಲ್ಲಿಸುವ ಬಯಲಾಗಿದೆ.

ಬೀಟಲ್ಸ್ ಮೇಳದವರು ಟಿಕೀಟು ಇಟ್ಟು ಹಾಡಿದ ಕಡೆಯ ಸಭೆಯು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ, 1966ನೆಯ ಇಸವಿ ಆಗಸ್ಟ್ 29ರಂದು ನಡೆಯಿತು. ಆಸನಗಳೆಲ್ಲ ತುಂಬಿರಲಿಲ್ಲ, ಬಂದವರು ಸುಮಾರು ಇಪ್ಪತ್ತೈದು ಸಾವಿರ. ಇದೇ ಕಡೆಯದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೇಳದ ಪತ್ರಿಕಾ ಪ್ರತಿನಿಧಿಯಾಗಿದ್ದ ಟೋನಿ ಬ್ಯಾರೋ ಎಂಬಾತನು ಪಾಲ್ ಮೆಕಾರ್ಟ್ನಿಯ ಕೋರಿಕೆಯ ಮೇರೆಗೆ ಒಂದು ಚಿಕ್ಕ ಕ್ಯಾಸೆಟ್ ಯಂತ್ರವನ್ನು ಮೈದಾನದಲ್ಲಿ ಎತ್ತಿ ಹಿಡಿದುಕೊಂಡು ನಿಂತಿದ್ದನು. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಮೂವತ್ತು ನಿಮಿಷ, ಹಾಡುಗಳು ಹನ್ನೊಂದು. ಹನ್ನೊಂದನೆಯ ಹಾಡಿನ ನಡುವೆ ಟೇಪು ಮುಗಿದುಹೋಯಿತು, ಮಗುಚಿ ಹಾಕಲು ಆತನಿಗೆ ತೋಚಲಿಲ್ಲ. ಆ ಹಾಡು ಹೇಗೆ ಮುಗಿಯಿತೆಂಬುದನ್ನು, ಅಂದು ಆ ಗಾಳಿಯಲ್ಲಿ ಕುಳಿತಿದ್ದವರಲ್ಲಿ ಇನ್ನೂ ಉಳಿದಿರುವವರನ್ನೇ ಕೇಳಬೇಕು.